ಜೋಡುನಳಿಗೆ ಕೋವಿ ಮತ್ತು ಅಮೆರಿಕದ ಕಾಡು ಟರ್ಕಿ

ಬೇಟೆಯ ಆಯುಧಗಳ ಚರಿತ್ರೆಯನ್ನು ಬರೆಯುವವರಲ್ಲಿ ಬಹುಮಂದಿ ಒಂದು ನಂಬಿಕೆಯನ್ನು ಪರೀಕ್ಷೆಗೆ ಒಡ್ಡದೆಯೇ ಅಂಗೀಕರಿಸಿಬಿಡುತ್ತಾರೆ. ಕೋವಿ ಸುಧಾರಿಸಿದಂತೆಲ್ಲ ಕಾಡು ಬರಿದಾಯಿತು ಎಂಬುದೇ ಆ ನಂಬಿಕೆ. ಉತ್ತರ ಅಮೆರಿಕದ ಬೈಸನ್ ಮಂದೆಗಳ ನಾಶವೂ, 1914ರಲ್ಲಿ ಕೊನೆಯ ಹಕ್ಕಿಯೊಡನೆ ಅಳಿದುಹೋದ ಪ್ಯಾಸೆಂಜರ್ ಪಾರಿವಾಳದ ಕಥೆಯೂ ಈ ಮತಕ್ಕೆ ಪುಷ್ಟಿ ಕೊಡುವಂತೆ ಕಾಣುತ್ತವೆ. ಆದರೆ ಅದೇ ಭೂಖಂಡದ ಇನ್ನೊಂದು ಹಕ್ಕಿಯ ವೃತ್ತಾಂತವನ್ನು ಕಾಲಾನುಕ್ರಮದಲ್ಲಿ ಇಟ್ಟು ನೋಡಿದರೆ ಈ ಸರಳವಾದ ಸೂತ್ರ ನಿಲ್ಲುವುದಿಲ್ಲ. ಆ ಹಕ್ಕಿ ಕಾಡು ಟರ್ಕಿ. ಅದನ್ನು ಬೇಟೆಯಾಡಿದ ಆಯುಧಗಳಲ್ಲಿ ಬಹುಕಾಲ ಮುಖ್ಯವಾಗಿದ್ದುದು ಜೋಡುನಳಿಗೆಯ ಚರೆಕೋವಿ. ಇವೆರಡರ ಸಂಬಂಧವನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಹಕ್ಕಿಯ ವಿಷಯ. ನಮ್ಮಲ್ಲಿ ಕಾಡುಕೋಳಿ ಎಂದು ಕರೆಯುವ ಹಕ್ಕಿಯೇ ಬೇರೆ, ಇದೇ ಬೇರೆ. ಟರ್ಕಿಯ ಮೂಲಸ್ಥಾನ ಉತ್ತರ ಅಮೆರಿಕ ಮತ್ತು ಮೆಕ್ಸಿಕೋ. ಐರೋಪ್ಯರು ಅಲ್ಲಿಗೆ ಹೋಗುವುದಕ್ಕೆ ಎಷ್ಟೋ ಶತಮಾನಗಳ ಮೊದಲೇ ಮೆಕ್ಸಿಕೋದ ಜನ ಇದನ್ನು ಸಾಕಿ ಪಳಗಿಸಿದ್ದರು. ಹದಿನಾರನೆಯ ಶತಮಾನದ ಆರಂಭದಲ್ಲಿ ಸ್ಪೇನಿನವರು ಈ ಸಾಕುಹಕ್ಕಿಯನ್ನು ಯೂರೋಪಿಗೆ ಒಯ್ದರು. ಅದರ ಸಂತತಿಯೇ ಮುಂದೆ ಇಂಗ್ಲಿಷ್ ವಲಸೆಗಾರರೊಡನೆ ಅಟ್ಲಾಂಟಿಕ್ ಸಾಗರವನ್ನು ಮತ್ತೊಮ್ಮೆ ದಾಟಿ ತವರಿಗೆ ಮರಳಿತು. ಹೆಸರುಗಳ ಗೊಂದಲ ಇದರಷ್ಟು ಇನ್ನಾವ ಹಕ್ಕಿಗೂ ಒದಗಿದಂತಿಲ್ಲ. ಇಂಗ್ಲಿಷರು ಇದನ್ನು ತುರ್ಕಿ ದೇಶಕ್ಕೆ ಕಟ್ಟಿದರು. ತುರ್ಕರು ‘ಹಿಂದಿ’ ಎಂದು ಹೇಳಿ ಭಾರತಕ್ಕೆ ಕಟ್ಟಿದರು. ಡಚ್ಚರು ಕಲ್ಲಿಕೋಟೆಯ ಹೆಸರಿನಿಂದ ‘ಕಾಲ್ಕೂನ್’ ಎಂದರು. ಪೋರ್ತುಗೀಸರಿಗೆ ಇದು ‘ಪೆರು’. ತನ್ನ ಊರಿನ ಹೆಸರೊಂದನ್ನು ಬಿಟ್ಟು ಲೋಕದ ಎಲ್ಲ ಊರುಗಳ ಹೆಸರನ್ನೂ ಈ ಹಕ್ಕಿ ಹೊತ್ತಿದೆ. ನಮ್ಮ ಕಡೆಗೆ ಇದು ಬಂದುದು ಗೋವೆಯ ದಾರಿಯಾಗಿ. 1612ರಲ್ಲಿ ಮುಕರ್ರಬ್ ಖಾನನು ಗೋವೆಯಿಂದ ತಂದ ವಿಚಿತ್ರ ಪ್ರಾಣಿಗಳಲ್ಲಿ ಇದೂ ಒಂದಾಗಿತ್ತೆಂಬುದೂ, ಜಹಾಂಗೀರನು ಅವುಗಳ ಚಿತ್ರ ಬರೆಸಿದನೆಂಬುದೂ ಆ ಬಾದಶಹನ ಆತ್ಮಕಥೆಯಿಂದ ತಿಳಿದುಬರುತ್ತವೆ. ಉಸ್ತಾದ್ ಮನ್ಸೂರನು ಬರೆದ ಟರ್ಕಿ ಹುಂಜದ ಚಿತ್ರ ಇಂದಿಗೂ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ.

ಸಾಕಿದ ಟರ್ಕಿ ಮಂದಬುದ್ಧಿಯದೆಂದು ಪ್ರಸಿದ್ಧವಾಗಿದ್ದರೆ ಕಾಡಿನ ಟರ್ಕಿ ಅದಕ್ಕೆ ತೀರ ವಿರುದ್ಧ. ಅದರ ಕಣ್ಣು ಬಹಳ ತೀಕ್ಷ್ಣ. ಎಲೆಯ ನಡುವೆ ಬೆರಳು ಅಲುಗಿದರೂ ಅದಕ್ಕೆ ತಿಳಿಯುತ್ತದೆ. ಹಗಲು ನೆಲದ ಮೇಲೆ ಓಕ್, ಬೀಚ್ ಮರಗಳ ಬೀಜಗಳನ್ನೂ ಹುಳುಗಳನ್ನೂ ಮೇಯ್ದು, ಸಂಜೆ ಹಾರಿ ಎತ್ತರದ ಮರದಲ್ಲಿ ತಂಗುತ್ತದೆ. ವಸಂತದಲ್ಲಿ ಗಂಡುಹಕ್ಕಿ ಮುಂಜಾನೆ ಗಟ್ಟಿಯಾಗಿ ಕೂಗಿ ಹೆಣ್ಣುಗಳನ್ನು ಕರೆಯುತ್ತದೆ. ಬೆಳೆದ ಗಂಡು ಹದಿನೆಂಟು ಇಪ್ಪತ್ತು ಪೌಂಡು ತೂಗುವುದುಂಟು. ಎದೆಯ ಮಾಂಸ ದಪ್ಪ; ರೆಕ್ಕೆಯ ಗರಿಗಳು ಗಡುಸು. ಮೈಗೆ ಬಿದ್ದ ಸಣ್ಣ ಚರೆಯಿಂದ ಹಕ್ಕಿ ಗಾಯಗೊಂಡು ಓಡಿಹೋಗಿ ಎಲ್ಲೋ ಸಾಯುತ್ತದೆಯೇ ಹೊರತು ಬೇಟೆಗಾರನ ಕೈಗೆ ಸಿಕ್ಕುವುದಿಲ್ಲ. ಆದುದರಿಂದ ಚರೆಕೋವಿಯವನು ಗುರಿಯಿಡುವುದು ತಲೆ ಮತ್ತು ಕತ್ತಿಗೆ. ಈ ಸಂಗತಿಯನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಕೋವಿಯ ರಚನೆಯ ಚರ್ಚೆಯೆಲ್ಲ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತದೆ.

ಎರಡು ನಳಿಗೆಗಳನ್ನು ಒಂದೇ ಹಿಡಿಗೆ ಜೋಡಿಸುವ ಯೋಚನೆ ಹಳೆಯದಾದರೂ ಅದು ಬೇಟೆಗೆ ನಿಜವಾಗಿ ಒದಗಿದ್ದು ಹದಿನೆಂಟನೆಯ ಶತಮಾನದ ಕೊನೆಯಲ್ಲಿ. 1787ರಲ್ಲಿ ಲಂಡನ್ನಿನ ಹೆನ್ರಿ ನಾಕ್ ಎಂಬಾತನು ಮದ್ದು ಬೇಗನೆ ಹೊತ್ತಿಕೊಳ್ಳುವಂತೆ ನಳಿಗೆಯ ಹಿಂಬದಿಯನ್ನು ರೂಪಿಸಿ ಸ್ವಾಮ್ಯಪತ್ರ ಪಡೆದ ಮೇಲೆ ನಳಿಗೆಗಳನ್ನು ಗಿಡ್ಡವಾಗಿಯೂ ಹಗುರವಾಗಿಯೂ ಮಾಡಲು ಸಾಧ್ಯವಾಯಿತು. ಹಗುರವಾದುದರಿಂದ ಎರಡನ್ನು ಪಕ್ಕಪಕ್ಕದಲ್ಲಿ ಬೆಸೆಯಲು ಅನುಕೂಲವಾಯಿತು. 1807ರಲ್ಲಿ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್ ಬಡಿತದಿಂದ ಹೊತ್ತುವ ರಾಸಾಯನಿಕದ ಬಳಕೆಗೆ ಸ್ವಾಮ್ಯಪತ್ರ ಪಡೆದನು. ಅದರಿಂದ ಮುಂದೆ ಕೇಪು ಹುಟ್ಟಿತು. ಫ್ರಾನ್ಸಿನ ಲೆಫೋಷೋ 1830ರ ದಶಕದಲ್ಲಿ ಹಿಂದಿನಿಂದ ತೋಟಾ ತುಂಬುವ, ನಡುವೆ ಮಡಿಸುವ ಕೋವಿಯನ್ನು ಬಳಕೆಗೆ ತಂದನು. ನಮ್ಮ ಮಲೆನಾಡಿನಲ್ಲಿ ಕೇಪಿನ ಕೋವಿ, ತೋಟಾ ಕೋವಿ ಎಂದು ಜನ ಮಾಡುವ ವಿಂಗಡಣೆ ಈ ಎರಡು ಘಟ್ಟಗಳನ್ನೇ ಸೂಚಿಸುತ್ತದೆ. 1875ರಲ್ಲಿ ಬರ್ಮಿಂಗಹ್ಯಾಮಿನ ಆನ್ಸನ್ ಮತ್ತು ಡೀಲಿ ಎಂಬವರು ಹೊರಗೆ ಕುದುರೆ ಕಾಣದಂತೆ ಯಂತ್ರವನ್ನು ಒಳಗೆ ಅಡಗಿಸಿದರು. ಅಲ್ಲಿಗೆ ಜೋಡುನಳಿಗೆಯ ಆಕಾರ ಬಹುಮಟ್ಟಿಗೆ ಸ್ಥಿರವಾಯಿತು. ಇಂದು ಮಾರಾಟವಾಗುವ ಜೋಡುನಳಿಗೆಯನ್ನು ಅಂದಿನ ಕೋವಿ ಕಮ್ಮಾರನ ಕೈಗೆ ಕೊಟ್ಟರೆ ಅವನಿಗೆ ಬಿಚ್ಚಿ ಜೋಡಿಸಲು ತೊಡಕಾಗಲಾರದು.

ಇದಕ್ಕಿಂತಲೂ ನಮ್ಮ ವಿಷಯಕ್ಕೆ ಮುಖ್ಯವಾದುದು ನಳಿಗೆಯ ಬಾಯನ್ನು ಕಿರಿದುಗೊಳಿಸುವ ವಿಧಾನ. ಇದಕ್ಕೆ ಚೋಕ್ ಎಂದು ಹೆಸರು. ನೇರವಾದ ನಳಿಗೆಯಿಂದ ಹೊರಟ ಚರೆ 40 ಗಜ ದೂರದಲ್ಲಿ ಬಹಳ ಹರಡಿಕೊಳ್ಳುತ್ತದೆ. 30 ಅಂಗುಲ ವ್ಯಾಸದ ವೃತ್ತವೊಂದನ್ನು ಗುರಿಯಾಗಿ ಇಟ್ಟರೆ ನೂರಕ್ಕೆ ನಲವತ್ತರಷ್ಟು ಚರೆ ಅದರೊಳಗೆ ಬೀಳಬಹುದು. 12 ಬೋರಿನ ನಳಿಗೆಯ ಬಾಯನ್ನು ಅಂಗುಲದ ಸಾವಿರ ಭಾಗಗಳಲ್ಲಿ ನಲವತ್ತು ಭಾಗದಷ್ಟು, ಎಂದರೆ ಒಂದು ಮಿಲಿಮೀಟರಿನಷ್ಟು, ಕಿರಿದು ಮಾಡಿದರೆ ಅದೇ ವೃತ್ತದಲ್ಲಿ ಎಪ್ಪತ್ತರಷ್ಟು ಬೀಳುತ್ತದೆ. ಇಂಗ್ಲೆಂಡಿನ ಪೇಪ್ 1866ರಲ್ಲಿ, ಅಮೆರಿಕದ ಸಿಲ್ವೆಸ್ಟರ್ ರೋಪರ್ 1868ರಲ್ಲಿ ಇಂಥ ವಿಧಾನಗಳಿಗೆ ಸ್ವಾಮ್ಯಪತ್ರ ಪಡೆದರು. ಇಲಿನಾಯ್ಸಿನ ಬೇಟೆಗಾರ ಫ್ರೆಡ್ ಕಿಂಬಲ್ ತಾನೇ ಮೊದಲು ಕಂಡುಹಿಡಿದೆನೆಂದು ಹೇಳಿಕೊಂಡುದೂ ಉಂಟು. 1875ರಲ್ಲಿ ಲಂಡನ್ನಿನ ‘ಫೀಲ್ಡ್’ ಪತ್ರಿಕೆ ಏರ್ಪಡಿಸಿದ ಪರೀಕ್ಷೆಗಳಲ್ಲಿ ಗ್ರೀನರನ ಚೋಕ್ ನಳಿಗೆಗಳು ಗೆದ್ದ ಮೇಲೆ ಇದು ಸರ್ವಮಾನ್ಯವಾಯಿತು. ಮೊದಲಿಗ ಯಾರೆಂಬ ವಾದ ಬೇಟೆಯ ಗ್ರಂಥಗಳಲ್ಲಿ ಪುಟಗಟ್ಟಲೆ ನಡೆದಿದೆ. ನಮಗೆ ಬೇಕಾದುದು ಕಾಲ ಮಾತ್ರ. ದೂರದ ಟರ್ಕಿಯ ತಲೆಗೆ ಸಾಕಷ್ಟು ಚರೆಯನ್ನು ನಂಬಿಕೆಯಿಂದ ತಲುಪಿಸಬಲ್ಲ ಚರೆಕೋವಿ 1860ರ ದಶಕಕ್ಕೆ ಮುಂಚೆ ಸಾಮಾನ್ಯ ಬೇಟೆಗಾರನಿಗೆ ದೊರೆಯುವಂತಿರಲಿಲ್ಲ.

ಈಗ ಹಕ್ಕಿಯ ನಾಶದ ಕಾಲವನ್ನು ಇದರ ಪಕ್ಕದಲ್ಲಿ ಇಡೋಣ. ಕನೆಕ್ಟಿಕಟ್ ಸಂಸ್ಥಾನದಲ್ಲಿ ಕಾಡು ಟರ್ಕಿ 1813ರ ಹೊತ್ತಿಗೇ ಇಲ್ಲವಾಯಿತು. ನ್ಯೂಯಾರ್ಕ್ ಸಂಸ್ಥಾನದಲ್ಲಿ 1840ರ ದಶಕದಲ್ಲಿ ಅಳಿಯಿತು. ಮ್ಯಾಸಚೂಸೆಟ್ಸಿನ ಕೊನೆಯ ಹಕ್ಕಿಯನ್ನು 1851ರಲ್ಲಿ ಮೌಂಟ್ ಟಾಮ್ ಬೆಟ್ಟದ ಮೇಲೆ ಕೊಂದರು. ಇವೆಲ್ಲ ಚೋಕ್ ಬರುವುದಕ್ಕೆ ಮುಂಚಿನ ಮಾತು. ತೋಟಾ ಕೋವಿ ಅಮೆರಿಕದಲ್ಲಿ ಹರಡುವುದಕ್ಕೂ ಮುಂಚಿನ ಮಾತು. ಪಾರ್ಕರ್ ಸೋದರರು ತಮ್ಮ ಪ್ರಸಿದ್ಧ ಜೋಡುನಳಿಗೆಗಳನ್ನು ಮಾಡತೊಡಗಿದುದು 1860ರ ದಶಕದ ಉತ್ತರಾರ್ಧದಲ್ಲಿ, ಅದೂ ಕನೆಕ್ಟಿಕಟ್ಟಿನ ಮೆರಿಡೆನ್ ಪಟ್ಟಣದಲ್ಲಿ. ಆ ಸಂಸ್ಥಾನದಲ್ಲಿ ಟರ್ಕಿ ಅಳಿದು ಆಗಲೇ ಅರ್ಧ ಶತಮಾನ ಕಳೆದಿತ್ತು. ಕಾರಣವು ಕಾರ್ಯಕ್ಕಿಂತ ಹಿಂದೆ ಇರಬೇಕೆಂಬ ತರ್ಕದ ಮೊದಲ ಪಾಠವನ್ನು ಒಪ್ಪುವುದಾದರೆ, ಈಶಾನ್ಯ ಸಂಸ್ಥಾನಗಳ ಟರ್ಕಿಯ ನಾಶಕ್ಕೆ ಸುಧಾರಿಸಿದ ಕೋವಿಯನ್ನು ಹೊಣೆ ಮಾಡಲು ಬರುವುದಿಲ್ಲ.

ಹಾಗಾದರೆ ಹೊಣೆ ಯಾವುದರದು? ಮೊದಲನೆಯದಾಗಿ ಕೊಡಲಿಯದು. ಬೀಜ ಕೊಡುವ ಗಟ್ಟಿಮರದ ಕಾಡನ್ನು ಕಡಿದು ಹೊಲ ಮಾಡಿದಲ್ಲಿ ಹಕ್ಕಿಗೆ ಚಳಿಗಾಲದ ಆಹಾರವೂ ಇಲ್ಲ, ರಾತ್ರಿ ತಂಗಲು ಮರವೂ ಇಲ್ಲ. ಎರಡನೆಯದು ಬೋನು. ಅಮೆರಿಕದ ಹಕ್ಕಿಗಳ ಮಹಾಗ್ರಂಥದ ಮೊದಲ ಚಿತ್ರವಾಗಿ ಕಾಡು ಟರ್ಕಿಯನ್ನೇ ಬರೆದ ಜಾನ್ ಜೇಮ್ಸ್ ಆಡುಬಾನ್ ಈ ಬೋನಿನ ವರ್ಣನೆಯನ್ನು ಬಿಟ್ಟುಹೋಗಿದ್ದಾನೆ. ಮರದ ತುಂಡುಗಳಿಂದ ಚೌಕವಾದ ದೊಡ್ಡಿ ಕಟ್ಟಿ ಮೇಲೆ ಮುಚ್ಚಿ, ಒಂದು ಪಕ್ಕದಲ್ಲಿ ನೆಲದೊಳಗಿಂದ ಒಳಕ್ಕೆ ಹೋಗುವಂತೆ ಕಾಲುವೆ ತೋಡಿ, ಅದರುದ್ದಕ್ಕೂ ಮೆಕ್ಕೆಜೋಳ ಚೆಲ್ಲುತ್ತಿದ್ದರು. ತಲೆ ತಗ್ಗಿಸಿ ಕಾಳು ಹೆಕ್ಕುತ್ತ ಒಳಗೆ ಬಂದ ಹಕ್ಕಿ ತಲೆಯೆತ್ತಿ ಹೊರದಾರಿ ಹುಡುಕುತ್ತದೆ. ಬಂದ ದಾರಿ ಕಾಲ ಕೆಳಗಿದೆಯೆಂಬುದು ಅದಕ್ಕೆ ಹೊಳೆಯುವುದಿಲ್ಲ. ಇಂಥ ಒಂದೇ ಬೋನಿನಲ್ಲಿ ಎರಡು ತಿಂಗಳುಗಳಲ್ಲಿ 76 ಹಕ್ಕಿಗಳು ಸಿಕ್ಕಿದ ಲೆಕ್ಕವನ್ನು ಆಡುಬಾನ್ ಕೊಡುತ್ತಾನೆ. ಇದರಲ್ಲಿ ಕೋವಿಯ ಕೆಲಸವೇ ಇಲ್ಲ. ಮೂರನೆಯದು, ತಂಗಿದ ಮರದ ಕೆಳಗೆ ಬೆಳದಿಂಗಳಲ್ಲಿ ನಿಂತು ಹಕ್ಕಿಗಳನ್ನು ಒಂದೊಂದಾಗಿ ಉರುಳಿಸುವ ಪದ್ಧತಿ. ಇದಕ್ಕೆ ಯಾವ ಹಳೆಯ ಕೋವಿಯಾದರೂ ಸಾಲುತ್ತದೆ.

ಈ ವಾದಕ್ಕೆ ಒಂದು ಮಿತಿಯುಂಟೆಂಬುದನ್ನು ಮರೆಯಲಾಗದು. ಅಂತರ್ಯುದ್ಧದ ತರುವಾಯ ದಕ್ಷಿಣ ಸಂಸ್ಥಾನಗಳಲ್ಲಿ ಸ್ಥಿತಿ ಬೇರೆಯಾಗಿತ್ತು. ರೈಲುದಾರಿ ಕಾಡಿನ ಅಂಚಿಗೆ ಬಂದು ಪಟ್ಟಣದ ಮಾಂಸದ ಮಾರುಕಟ್ಟೆಯನ್ನು ಹಳ್ಳಿಗೆ ಸೇರಿಸಿತು. ಬೆಲ್ಜಿಯಮ್ಮಿನಿಂದ ಬಂದ ಅಗ್ಗದ ಜೋಡುನಳಿಗೆಗಳು ಅಂಚೆಯ ಮೂಲಕ ಮಾರುವ ವರ್ತಕರ ಪಟ್ಟಿಗಳಲ್ಲಿ ಸಾಮಾನ್ಯ ರೈತನ ಕೈಗೆಟಕುವ ಬೆಲೆಗೆ ದೊರೆಯತೊಡಗಿದವು. ಮಾರಾಟಕ್ಕಾಗಿ ಕೊಲ್ಲುವವನಿಗೆ ಒಳ್ಳೆಯ ಕೋವಿ ಲಾಭವನ್ನು ಹೆಚ್ಚಿಸಿತೆಂಬುದರಲ್ಲಿ ಸಂಶಯವಿಲ್ಲ. ಇಲ್ಲಿ ಕೋವಿ ನಿರ್ದೋಷಿಯೆಂದು ಸಾರಲು ನಾವು ಸಿದ್ಧರಿಲ್ಲ. ಆದರೂ ದಕ್ಷಿಣದಲ್ಲಿ ಹಕ್ಕಿ ಉಳಿದದ್ದು ಕೋವಿಗಳು ಕಡಮೆಯಿದ್ದ ಕಡೆಯಲ್ಲ, ಕೊಡಲಿ ಮುಟ್ಟಲಾರದ ಜೌಗು ಕಾಡುಗಳಲ್ಲಿ ಎಂಬುದು ಗಮನಾರ್ಹ. ಇದರ ಮೇಲೆ 1904ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲು ಕಂಡ ರೋಗವೊಂದು ಕೆಲವೇ ದಶಕಗಳಲ್ಲಿ ಪೂರ್ವದ ಚೆಸ್ಟ್‌ನಟ್ ಮರಗಳನ್ನೆಲ್ಲ ಒಣಗಿಸಿ ಟರ್ಕಿಯ ಆಹಾರದ ದೊಡ್ಡ ಪಾಲನ್ನು ಕಸಿದುಕೊಂಡಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಇಡೀ ದೇಶದಲ್ಲಿ ಉಳಿದಿದ್ದ ಟರ್ಕಿಗಳ ಅಂದಾಜು ಒಬ್ಬರ ಲೆಕ್ಕದಲ್ಲಿ 30,000, ಇನ್ನೊಬ್ಬರ ಲೆಕ್ಕದಲ್ಲಿ 2,00,000. ಅಂತರ ದೊಡ್ಡದಾದರೂ ಎರಡೂ ಸಂಖ್ಯೆಗಳು ಹೇಳುವುದು ಒಂದೇ ದುರವಸ್ಥೆಯನ್ನು.

ಇಷ್ಟು ಹೇಳಿದ ಮೇಲೆ, ಜೋಡುನಳಿಗೆಯೇ ಈ ಬೇಟೆಗೆ ಏಕೆ ಒಗ್ಗಿತು ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಹಳೆಯ ಜೋಡುನಳಿಗೆಗೆ ಎರಡು ಟ್ರಿಗರ್‌ಗಳು. ಸಾಮಾನ್ಯವಾಗಿ ಮುಂದಿನದು ಬಲನಳಿಗೆಗೆ, ಹಿಂದಿನದು ಎಡನಳಿಗೆಗೆ. ಬಲನಳಿಗೆಯ ಚೋಕ್ ಸಡಿಲ, ಎಡದ್ದು ಬಿಗಿ. ಪೊದೆಯಿಂದೆದ್ದು ದೂರ ಹಾರುವ ಹಕ್ಕಿಗಾಗಿ ಹುಟ್ಟಿದ ಏರ್ಪಾಡು ಇದು: ಮೊದಲ ಈಡು ಹತ್ತಿರ, ಎರಡನೆಯದು ದೂರ. ಟರ್ಕಿಯ ಬೇಟೆಯಲ್ಲಿ ಇದು ತಲೆಕೆಳಗಾಗುತ್ತದೆ. ಇಲ್ಲಿ ಬೇಟೆಗಾರ ಮರಕ್ಕೆ ಬೆನ್ನು ಕೊಟ್ಟು ಅಲುಗದೆ ಕುಳಿತಿರುತ್ತಾನೆ. ಹೆಣ್ಣಿನ ಕರೆಯನ್ನು ಅನುಕರಿಸುತ್ತಾನೆ. ಹಕ್ಕಿ ದೂರದಿಂದ ಅವನತ್ತ ನಡೆದು ಬರುತ್ತದೆ. ಹದಿನೈದು ಗಜದವರೆಗೆ ಬಂದೀತು, ಇಲ್ಲವೆ ನಲವತ್ತು ಗಜದಲ್ಲೇ ಸಂಶಯಪಟ್ಟು ನಿಂತೀತು. ಹದಿನೈದು ಗಜದಲ್ಲಿ ಬಿಗಿಯಾದ ಚೋಕ್ ಮುಷ್ಟಿಯಷ್ಟು ಅಗಲಕ್ಕೆ ಚರೆ ಹೊಡೆದು ಗುರಿ ತಪ್ಪಿಸಬಹುದು. ನಲವತ್ತರಲ್ಲಿ ಸಡಿಲವಾದದ್ದು ಗಾಯ ಮಾತ್ರ ಮಾಡಬಹುದು. ಬೆರಳನ್ನು ಒಂದು ಟ್ರಿಗರ್‌ನಿಂದ ಇನ್ನೊಂದಕ್ಕೆ ಸರಿಸಿದ ಮಾತ್ರಕ್ಕೆ ನಳಿಗೆಯನ್ನು ಆರಿಸಿಕೊಳ್ಳಬಹುದಾದ ಸೌಕರ್ಯ ಒಂಟಿನಳಿಗೆಯಲ್ಲಿಲ್ಲ. ಇದಲ್ಲದೆ, ನಡುವೆ ಉದ್ದನೆಯ ಯಂತ್ರಪೆಟ್ಟಿಗೆ ಇಲ್ಲದ ಕಾರಣ ಅಷ್ಟೇ ಉದ್ದದ ನಳಿಗೆಯಿದ್ದರೂ ಒಟ್ಟು ಕೋವಿ ಗಿಡ್ಡ. ಪೊದೆಯ ನಡುವೆ ಮೊಣಕಾಲಿನ ಮೇಲಿಟ್ಟು ಕೂರಲು ಅನುಕೂಲ.

ದೋಷಗಳೂ ಇಲ್ಲದಿಲ್ಲ. ಪಕ್ಕಪಕ್ಕದ ನಳಿಗೆಗಳನ್ನು ಸುಮಾರು 40 ಗಜದಲ್ಲಿ ಎರಡರ ಈಡೂ ಒಂದೇ ಕಡೆ ಬೀಳುವಂತೆ ಸ್ವಲ್ಪ ಓರೆಯಾಗಿ ಬೆಸೆಯುತ್ತಾರೆ. ಇದು ಕೈಯ ಕೆಲಸ. ಹಾರುವ ಹಕ್ಕಿಗೆ ನಾಲ್ಕೈದು ಅಂಗುಲದ ತಪ್ಪು ಲೆಕ್ಕಕ್ಕಿಲ್ಲ. ಟರ್ಕಿಯ ಕತ್ತಿಗೆ ಅಷ್ಟೇ ತಪ್ಪು ಸಾಕು, ಈಡು ವ್ಯರ್ಥ. ಅಲ್ಲದೆ ಹಳೆಯ ಕೋವಿಗಳಲ್ಲಿ ಎಷ್ಟೋ ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೆಣೆದು ಬಡಿದ ಡಮಾಸ್ಕಸ್ ನಳಿಗೆಯವು. ಕರಿಮದ್ದಿನ ಒತ್ತಡಕ್ಕೆ ಮಾಡಿದವು. ಅವುಗಳಲ್ಲಿ ಇಂದಿನ ಬಿರುಸಾದ ತೋಟಾಗಳನ್ನು ಹಾಕುವುದು ಕೈಬೆರಳುಗಳನ್ನು ಪಣಕ್ಕೊಡ್ಡಿದಂತೆ. 1897ರಲ್ಲಿ ವಿಂಚೆಸ್ಟರ್ ಕಂಪನಿಯ ಪಂಪ್ ಕೋವಿ ಬಂದಿತು. ಹೊಸ ಶತಮಾನದ ಆರಂಭದಲ್ಲಿ ಜಾನ್ ಬ್ರೌನಿಂಗನ ಸ್ವಯಂಚಾಲಿತ ಚರೆಕೋವಿ ಬಂದಿತು. ಎರಡರ ಬದಲು ಐದು ಈಡು. ಸುಧಾರಣೆಯೇ ನಾಶಕ್ಕೆ ಕಾರಣವೆನ್ನುವವರ ಮತದಂತೆ ಟರ್ಕಿಯ ಪೂರ್ಣ ನಾಶ ಈಗ ಆಗಬೇಕಿತ್ತು. ಆದರೆ ಟರ್ಕಿಯ ವಿಷಯದಲ್ಲಿ ಮೊದಲ ಈಡು ತಪ್ಪಿದರೆ ಸಾಮಾನ್ಯವಾಗಿ ಆ ದಿನದ ಬೇಟೆ ಮುಗಿಯಿತು. ಮೂರನೆಯ, ನಾಲ್ಕನೆಯ ತೋಟಾಗಳಿಗೆ ಕೆಲಸವೇ ಬರುವುದಿಲ್ಲ.

ನಿಜವಾದ ಬದಲಾವಣೆ ಆದುದು ಕೋವಿಯಲ್ಲಲ್ಲ, ಕೋವಿ ಹಿಡಿದವನ ಕಟ್ಟುಪಾಡಿನಲ್ಲಿ. 1900ರ ಲೇಸಿ ಶಾಸನ ಒಂದು ಸಂಸ್ಥಾನದ ಕಾನೂನನ್ನು ಮೀರಿ ಕೊಂದ ಬೇಟೆಯನ್ನು ಇನ್ನೊಂದಕ್ಕೆ ಸಾಗಿಸುವುದನ್ನು ನಿಷೇಧಿಸಿ ಮಾಂಸದ ವ್ಯಾಪಾರಕ್ಕೆ ಪೆಟ್ಟು ಕೊಟ್ಟಿತು. ಕರೆಯುವ ಕಲೆಯೂ ಬೇಟೆಯ ಸ್ವರೂಪವನ್ನು ಬದಲಿಸಿತು. 1897ರಲ್ಲಿ ಆರ್ಕನ್ಸಾದ ಹೆನ್ರಿ ಗಿಬ್ಸನ್ ಎಂಬಾತ ಮರದ ಪೆಟ್ಟಿಗೆಯ ಮೇಲೆ ಹಲಗೆಯನ್ನು ಉಜ್ಜಿ ಹೆಣ್ಣುಟರ್ಕಿಯ ದನಿ ಹೊರಡಿಸುವ ಸಾಧನಕ್ಕೆ ಸ್ವಾಮ್ಯಪತ್ರ ಪಡೆದನು. ಈ ಕಟ್ಟುಪಾಡು ರಕ್ತವಿಲ್ಲದೆ ಬೆಳೆಯಲಿಲ್ಲ. ಟರ್ಕಿಯ ಬೇಟೆಯ ವಿಷಯದಲ್ಲಿ ಅಂದಿಗೆ ಅಗ್ರಗಣ್ಯನಾಗಿದ್ದ ಚಾರ್ಲ್ಸ್ ಜಾರ್ಡನ್ ಲೂಯಿಸಿಯಾನದಲ್ಲಿ ಬೇಟೆವನವೊಂದರ ಮೇಲ್ವಿಚಾರಕನಾಗಿದ್ದಾಗ 1909ರಲ್ಲಿ ಕಳ್ಳಬೇಟೆಗಾರನ ಗುಂಡಿಗೆ ಬಲಿಯಾದನು. ಅವನ ಬರಹಗಳನ್ನು ಎಡ್ವರ್ಡ್ ಮ್ಯಾಕಿಲ್ಹೆನ್ನಿ ಕೂಡಿಸಿ 1914ರಲ್ಲಿ ಗ್ರಂಥವಾಗಿ ಪ್ರಕಟಿಸಿದನು. ತಂಗುಮರದ ಕೆಳಗಿನ ಕೊಲೆ, ಕಾಳು ಚೆಲ್ಲಿ ಹೊಡೆಯುವುದು, ಬೋನು — ಇವು ಕ್ರಮೇಣ ಮೊದಲು ಸಭ್ಯರ ತಿರಸ್ಕಾರಕ್ಕೂ ಬಳಿಕ ಕಾನೂನಿನ ನಿಷೇಧಕ್ಕೂ ಒಳಗಾದವು. ಗಂಡೊಂದು ಹಲವು ಹೆಣ್ಣುಗಳನ್ನು ಕೂಡುವ ಜಾತಿಯಾದುದರಿಂದ, ವಸಂತದಲ್ಲಿ ಗಂಡುಗಳನ್ನು ಮಾತ್ರ ಮಿತವಾಗಿ ಹೊಡೆದರೆ ಸಂತತಿಗೆ ಧಕ್ಕೆಯಿಲ್ಲವೆಂಬ ತತ್ತ್ವ ಈ ಬೇಟೆಯ ತಳಹದಿಯಾಯಿತು.

1937ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ ಪಿಟ್‌ಮನ್-ರಾಬರ್ಟ್‌ಸನ್ ಶಾಸನವನ್ನು ನಾವು ಈ ಚರಿತ್ರೆಯ ತಿರುವೆಂದು ಭಾವಿಸುತ್ತೇವೆ. ಬೇಟೆಯ ಕೋವಿ ಮತ್ತು ತೋಟಾಗಳ ಮೇಲಿನ ತೆರಿಗೆಯನ್ನು — ಇಂದು ಅದು ನೂರಕ್ಕೆ 11 — ಬೊಕ್ಕಸದ ಸಾಮಾನ್ಯ ವೆಚ್ಚಕ್ಕೆ ಬಿಡದೆ ವನ್ಯಜೀವಿಗಳ ಪುನಃಸ್ಥಾಪನೆಗೇ ಅದು ಮೀಸಲಿಟ್ಟಿತು. ಯೋಜನೆಯ ವೆಚ್ಚದ ಮುಕ್ಕಾಲು ಪಾಲು ಈ ನಿಧಿಯಿಂದ, ಕಾಲು ಪಾಲು ಸಂಸ್ಥಾನದಿಂದ. ಬೇಟೆಯ ಪರವಾನಗಿಯ ಹಣವನ್ನು ಬೇರೆ ಕೆಲಸಕ್ಕೆ ತಿರುಗಿಸುವ ಸಂಸ್ಥಾನಕ್ಕೆ ಈ ಹಣ ಇಲ್ಲವೆಂಬ ಕಟ್ಟುನಿಟ್ಟಿನ ಷರತ್ತೂ ಇತ್ತು. ಹಕ್ಕಿಯನ್ನು ಕೊಲ್ಲುವ ಪ್ರತಿಯೊಂದು ತೋಟಾವೂ ಹಕ್ಕಿಯನ್ನು ಬೆಳೆಸುವುದಕ್ಕೆ ಕಪ್ಪ ಕೊಡತೊಡಗಿತು.

ಹಣ ಬಂದ ಕೂಡಲೆ ಹಕ್ಕಿ ಬರಲಿಲ್ಲ. ಮೊದಲು ಬಹಳ ಸಂಸ್ಥಾನಗಳು ಸಾಕಣೆಯಲ್ಲಿ ಮರಿಮಾಡಿದ ಟರ್ಕಿಗಳನ್ನು ಕಾಡಿಗೆ ಬಿಟ್ಟವು. ಅವು ನರಿಗಳಿಗೆ ಆಹಾರವಾದವು. ಸ್ಟಾರ್ಕರ್ ಲಿಯೋಪೋಲ್ಡ್ ಮಿಸೂರಿಯ ಹಕ್ಕಿಗಳನ್ನು ಪರಿಶೀಲಿಸಿ 1944ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದಕ್ಕೆ ಕಾರಣವನ್ನು ತೋರಿಸಿದನು. ಕಾಡುತನ ಕಲಿಕೆಯಿಂದ ಬರುವುದಲ್ಲ, ಹುಟ್ಟಿನಿಂದ ಬರುವುದು. ಕಾಡಿನ ಟರ್ಕಿಗೆ ಹೋಲಿಸಿದರೆ ಮಿಶ್ರತಳಿಯ ಹಕ್ಕಿಯ ಮಿದುಳೂ ಕೆಲವು ಗ್ರಂಥಿಗಳೂ ಚಿಕ್ಕವು. ಆದುದರಿಂದ ನಿಜವಾದ ಕಾಡುಹಕ್ಕಿಯನ್ನೇ ಹಿಡಿದು ಸಾಗಿಸಬೇಕಾಯಿತು. ಅಷ್ಟು ಎಚ್ಚರದ ಹಕ್ಕಿಯನ್ನು ಜೀವಂತವಾಗಿ ಹಿಡಿಯುವುದು ಹೇಗೆ? 1951ರಲ್ಲಿ ದಕ್ಷಿಣ ಕೆರೊಲಿನಾದ ಫ್ರಾನ್ಸಿಸ್ ಮೇರಿಯನ್ ಅರಣ್ಯದಲ್ಲಿ ಹರ್ಮನ್ ಹಾಲ್‌ಬ್ರುಕ್, ಸಣ್ಣ ಫಿರಂಗಿಗಳಿಂದ ಬಲೆಯನ್ನು ಹಕ್ಕಿಗಳ ಮೇಲೆ ಹಾರಿಸುವ ಉಪಾಯವನ್ನು ಟರ್ಕಿಗೆ ಪ್ರಯೋಗಿಸಿ ಗೆದ್ದನು. ಮದ್ದು ಇಲ್ಲಿಯೂ ಬಂದಿತು, ಬೇರೊಂದು ವೇಷದಲ್ಲಿ. ಎರಡು ದಶಕಗಳಿಗೂ ಮಿಕ್ಕಿ ಬೇಟೆ ನಿಂತುಹೋಗಿದ್ದ ಮಿಸೂರಿಯಲ್ಲಿ 1960ರ ವಸಂತದಲ್ಲಿ ಮೂರು ದಿನದ ಬೇಟೆಗೆ ಅನುಮತಿ ದೊರೆತಾಗ ಸಿಕ್ಕಿದ ಹಕ್ಕಿಗಳು 94. ಪೆನ್ಸಿಲ್ವೇನಿಯಾದಲ್ಲಿ ವಸಂತದ ಬೇಟೆ 1968ರಲ್ಲಿ ತೊಡಗಿತು. ವಿಸ್ಕಾನ್ಸಿನ್ ತನ್ನ ಗ್ರೌಸ್ ಹಕ್ಕಿಗಳನ್ನು ಕೊಟ್ಟು ಮಿಸೂರಿಯ ಟರ್ಕಿಗಳನ್ನು ಪಡೆದು 1976ರಲ್ಲಿ ಕಾಡಿಗೆ ಬಿಟ್ಟು, 1983ರಲ್ಲಿ ಬೇಟೆಗೆ ತೆರೆಯಿತು. 1973ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕಾಡುಟರ್ಕಿ ಒಕ್ಕೂಟವೂ ಈ ಸಾಗಣೆಗೆ ನೆರವಾಯಿತು. ಇಪ್ಪತ್ತೊಂದನೆಯ ಶತಮಾನದ ಆರಂಭದ ವೇಳೆಗೆ ದೇಶದ ಟರ್ಕಿಗಳ ಸಂಖ್ಯೆ ಅರುವತ್ತು ಲಕ್ಷವನ್ನು ಮೀರಿತು.

ವಿಚಿತ್ರವೆಂದರೆ, ಹಕ್ಕಿ ಮರಳಿ ಬರುವ ಹೊತ್ತಿಗೆ ಅಮೆರಿಕದ ಜೋಡುನಳಿಗೆ ಹೊರಟುಹೋಗಿತ್ತು. ಕೈಕೆಲಸದ ಕೂಲಿ ಏರಿದಂತೆ ಇಬ್ಬರು ಕಮ್ಮಾರರು ಕೂತು ಅರದಿಂದ ಉಜ್ಜಿ ಹೊಂದಿಸುವ ಕೋವಿ ಯಂತ್ರದಲ್ಲಿ ಕೊರೆದ ಪಂಪ್ ಕೋವಿಯೆದುರು ನಿಲ್ಲಲಾರದಾಯಿತು. ಪಾರ್ಕರ್ ಕಾರ್ಖಾನೆಯನ್ನು 1934ರಲ್ಲಿ ರೆಮಿಂಗ್ಟನ್ ಕೊಂಡುಕೊಂಡಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆ ಕೋವಿಗಳ ತಯಾರಿಕೆ ನಿಂತಿತು. ಇಥಾಕಾ ಕಂಪನಿ ತನ್ನ ಹಳೆಯ ಜೋಡುನಳಿಗೆಯನ್ನು 1948ರಲ್ಲಿ ಕೈಬಿಟ್ಟಿತು. ಇಂದು ಟರ್ಕಿಯ ಬೇಟೆಗೆ ಹೋಗುವವರಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಪಂಪ್ ಇಲ್ಲವೆ ಸ್ವಯಂಚಾಲಿತ. ಚೋಕನ್ನು ತಿರುಪಿನಂತೆ ಬಿಚ್ಚಿ ಬದಲಿಸಬಹುದು. ಸೀಸಕ್ಕಿಂತ ಬಹಳ ಸಾಂದ್ರವಾದ ಟಂಗ್‌ಸ್ಟನ್ ಚರೆ ಸಣ್ಣ ಬೋರಿನ ಕೋವಿಗೂ ಹಿಂದೆಂದೂ ಇಲ್ಲದ ಶಕ್ತಿ ಕೊಟ್ಟಿದೆ. ತಾತನ ಜೋಡುನಳಿಗೆಯನ್ನು ಹಟದಿಂದ ಒಯ್ಯುವ ಕೆಲವರು ಈಗಲೂ ಇದ್ದಾರೆ. ಕೋವಿ ಅತ್ಯಂತ ಪ್ರಬಲವಾದ ಕಾಲದಲ್ಲಿಯೇ ಹಕ್ಕಿ ಅತ್ಯಂತ ಹೆಚ್ಚಾದುದನ್ನು ಮೇಲೆ ಹೇಳಿದ ಸೂತ್ರವಾದಿಗಳು ಹೇಗೆ ವಿವರಿಸುವರೋ ಕಾಣೆವು.

ಕಳೆದ ಕೆಲವು ವರ್ಷಗಳಿಂದ ಆಗ್ನೇಯ ಸಂಸ್ಥಾನಗಳಲ್ಲಿ ಟರ್ಕಿಯ ಸಂಖ್ಯೆ ಮತ್ತೆ ಇಳಿಮುಖವಾಗಿದೆ. ಗೂಡುಗಳ ನಾಶ, ಮರಿಗಳು ಬದುಕುಳಿಯದಿರುವುದು, ಹೆಣ್ಣುಗಳು ಕೂಡುವುದಕ್ಕೆ ಮೊದಲೇ ಗಂಡುಗಳನ್ನು ಹೊಡೆಯುವುದು, ನೆಲದ ಬಳಕೆಯ ಬದಲಾವಣೆ ಎಂದು ಹಲವು ಕಾರಣಗಳನ್ನು ತಜ್ಞರು ಚರ್ಚಿಸುತ್ತಿದ್ದಾರೆ. 2022ರಲ್ಲಿ ಜಾರ್ಜಿಯಾ ಒಬ್ಬ ಬೇಟೆಗಾರನಿಗೆ ವರ್ಷಕ್ಕೆ ಮೂರು ಗಂಡುಗಳೆಂದಿದ್ದ ಮಿತಿಯನ್ನು ಎರಡಕ್ಕೆ ಇಳಿಸಿ, ಬೇಟೆಯ ಆರಂಭವನ್ನು ಮುಂದಕ್ಕೆ ಹಾಕಿತು. ಅದೇ ವರ್ಷ ಅಲಬಾಮ ಐದನ್ನು ನಾಲ್ಕು ಮಾಡಿತು.